ಕಂಪ್ಯೂಟರ್ ನಿಧಾನವಾದಾಗ ಮೊದಲು ಒಳಗೆ ನೋಡಿ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಕಲಿಸುವುದು ಉರ್ದು ಮತ್ತು ಕನ್ನಡ. ಕಂಪ್ಯೂಟರ್ ನನ್ನ ವಿಷಯವಲ್ಲ. ಆದರೂ ಇಂದು ಅದರ ಬಗ್ಗೆ ಎರಡು ಮಾತು ಹೇಳಲು ಕಾರಣವಿದೆ.

ನಮ್ಮ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಉರ್ದು ಪ್ರಶ್ನೆಪತ್ರಿಕೆಯನ್ನು ಇನ್‌ಪೇಜ್‌ನಲ್ಲಿ, ಕನ್ನಡದ್ದನ್ನು ನುಡಿಯಲ್ಲಿ ನಾನೇ ಟೈಪ್ ಮಾಡುತ್ತೇನೆ. ಒಮ್ಮೆ ವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ಅದು ತೀರಾ ನಿಧಾನವಾಯಿತು. ಕೀಲಿ ಒತ್ತಿ ಅಕ್ಷರ ಮೂಡುವುದನ್ನು ಕಾಯುತ್ತ ಕೂರಬೇಕಾಯಿತು. ರಿಪೇರಿಯವರು ನೋಡಿ, "ಮೇಡಂ, ಇದರ ಕಾಲ ಮುಗೀತು, ಹೊಸದು ತಗೊಳ್ಳಿ" ಎಂದರು. ಇದೇ ಸಂಘಕ್ಕೆ ನೆರವು ಕೇಳಿ ಪತ್ರವನ್ನೂ ಬರೆದಿಟ್ಟೆ. ಆಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ಟೀಚರ್, ಒಳಗೆ ಏನು ಓಡ್ತಿದೆ ಅಂತ ನೋಡಿದ್ರಾ?" ಎಂದು ಕೇಳಿದಳು. ನಾನು ನೋಡಿರಲಿಲ್ಲ.

ಅವಳು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಟಾಸ್ಕ್ ಮ್ಯಾನೇಜರ್ ತೆರೆಯಿತು. 1996ರ ವಿಂಡೋಸ್ ಎನ್‌ಟಿ 4.0ರಿಂದಲೂ ವಿಂಡೋಸ್‌ನಲ್ಲಿರುವ ಸೌಲಭ್ಯವಿದು. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ 'ಟಾಪ್' ಎಂಬ ಆಜ್ಞೆಯಿದೆ. 'ಸಿಪಿಯು' ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿದಾಗ ಹೆಚ್ಚು ಬಳಸುವ ಪ್ರೋಗ್ರಾಂಗಳು ಮೇಲಕ್ಕೆ ಬಂದವು. ನೋಡಿದರೆ ಎರಡು ಆಂಟಿವೈರಸ್! ಒಂದು ಮೊದಲೇ ಇತ್ತು. ಇನ್ನೊಂದನ್ನು ಒಳ್ಳೆಯದಾಗಲೆಂದು ನಾನೇ ಹಾಕಿಸಿದ್ದೆ. ತೆರೆದ ಪ್ರತಿ ಫೈಲನ್ನೂ ಎರಡೂ ತಪಾಸಣೆ ಮಾಡುತ್ತಿದ್ದವು. ಒಂದನ್ನು ತೆಗೆದೆವು. ಪ್ರಶ್ನೆಪತ್ರಿಕೆ ಅಂದೇ ಮುಗಿಯಿತು.

ಒಳಗೆ ನಡೆಯುವುದು ಇಷ್ಟೇ. ಏಕೋಪಾಧ್ಯಾಯ ಶಾಲೆಯನ್ನು ನೆನೆಯಿರಿ. ಒಬ್ಬರೇ ಶಿಕ್ಷಕರು ಒಂದನೇ ತರಗತಿಗೆ ಕಾಪಿ ಬರೆಯಲು ಕೊಟ್ಟು, ಎರಡನೆಯದಕ್ಕೆ ಲೆಕ್ಕ ಹೇಳಿ, ಮೂರನೆಯದರ ಪಾಠ ಕೇಳುತ್ತಾರೆ. ಪ್ರೊಸೆಸರ್‌ನ ಒಂದೊಂದು ಕೋರ್ ಕೂಡ ಹೀಗೆಯೇ ಕ್ಷಣಕ್ಷಣಕ್ಕೂ ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಹೋಗುತ್ತದೆ. ಸರದಿ ಹಂಚುವುದು ಆಪರೇಟಿಂಗ್ ಸಿಸ್ಟಂ. ಕೇಳುವವರು ಹೆಚ್ಚಾದರೆ ಎಲ್ಲರ ಕೆಲಸವೂ ನಿಧಾನ.

ವಿದ್ಯಾರ್ಥಿಗಳು ನಾಲ್ಕು ವಿಷಯ ನೆನಪಿಡಬೇಕು.

ಮೊದಲನೆಯದು, 100 ಎಂಬ ಅಂಕಿ ಕಂಡ ಕೂಡಲೇ ಗಾಬರಿ ಬೇಡ. ವಿಡಿಯೋ ಪರಿವರ್ತಿಸುವಾಗ ಪ್ರೊಸೆಸರ್ ಪೂರ್ತಿ ದುಡಿಯುವುದು ಸಹಜ. ನೀವು ಸುಮ್ಮನಿದ್ದಾಗಲೂ ಅಂಕಿ ಇಳಿಯದಿದ್ದರೆ ಮಾತ್ರ ವಿಚಾರಿಸಬೇಕು.

ಎರಡನೆಯದು, 'ಸಿಸ್ಟಂ ಐಡಲ್ ಪ್ರೊಸೆಸ್' ಎದುರು 95 ಎಂದಿದ್ದರೆ ಅದು ದೋಷವಲ್ಲ. ಪ್ರೊಸೆಸರ್‌ಗೆ ಅಷ್ಟು ಬಿಡುವಿದೆ ಎಂದರ್ಥ.

ಮೂರನೆಯದು, ಸಿಪಿಯು ಅಂಕಿ ಕಡಿಮೆಯಿದ್ದೂ ಯಂತ್ರ ನಿಧಾನವಿದ್ದರೆ ಪಕ್ಕದ ಮೆಮೊರಿ, ಡಿಸ್ಕ್ ಕಾಲಂ ನೋಡಿ. ಹಳೆಯ ಹಾರ್ಡ್‌ಡಿಸ್ಕ್ ಇರುವ ಕಂಪ್ಯೂಟರುಗಳಲ್ಲಿ ತೊಂದರೆ ಅನೇಕ ಸಲ ಅಲ್ಲಿರುತ್ತದೆ.

ನಾಲ್ಕನೆಯದು, ಗೊತ್ತಿಲ್ಲದ ಹೆಸರು ಕಂಡಿತೆಂದು 'ಎಂಡ್ ಟಾಸ್ಕ್' ಒತ್ತಬೇಡಿ. ಅದು ವಿಂಡೋಸ್‌ನದೇ ಅಂಗವಾಗಿದ್ದರೆ ಯಂತ್ರ ನಿಂತುಹೋದೀತು, ಉಳಿಸದ ಕೆಲಸವೂ ಹೋದೀತು. ಹೆಸರು ಬರೆದುಕೊಂಡು, ತಿಳಿದವರನ್ನು ಕೇಳಿ, ಆಮೇಲೆ ಕೈ ಹಾಕಿ. ಯಂತ್ರ ಶುರುವಾದಾಗಲೆಲ್ಲ ತಾನಾಗಿ ಓಡುವ ಬೇಡದ ಪ್ರೋಗ್ರಾಂಗಳನ್ನು 'ಸ್ಟಾರ್ಟಪ್' ವಿಭಾಗದಲ್ಲಿ ನಿಲ್ಲಿಸಬಹುದು.

ಹಿರಿಯರಲ್ಲಿ ನನ್ನದೊಂದು ವಿನಂತಿ. ಆ ಪತ್ರವನ್ನು ನಾನು ಹರಿದುಹಾಕಿದೆ. ನಾಳೆ ಯಾವುದಾದರೂ ಶಾಲೆಯವರು ಹೊಸ ಕಂಪ್ಯೂಟರ್ ಕೇಳಿಕೊಂಡು ತಮ್ಮ ಬಳಿ ಬಂದರೆ, "ಒಳಗೆ ಏನು ಓಡುತ್ತಿದೆ ಎಂದು ನೋಡಿದಿರಾ?" ಎಂದು ಮೊದಲು ಕೇಳಿ. ನೋಡಿದ ಮೇಲೂ ಬೇಕೆಂದರೆ ಖಂಡಿತ ಕೊಡಿ. ಒಂದು ಯಂತ್ರದ ಹಣ ಉಳಿದರೆ ಒಂದಿಷ್ಟು ಮಕ್ಕಳ ಶುಲ್ಕಕ್ಕಾದೀತು.