ಗಾಳಿಯ ಅಲೆ ಯಾರ ಸ್ವತ್ತು?

(ಗಿರಣಿ ಕೆಲಸಗಾರರ ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಲ್ಲಿಯಲ್ಲಿ ನಾಲ್ಕು ದಿನ ನೀರು ಬಾರದಿದ್ದರೆ ನಾವು ಖಾಲಿ ಕೊಡ ಹಿಡಿದು ಪುರಸಭೆಯ ಮುಂದೆ ನಿಲ್ಲುತ್ತೇವೆ. ಮೊಬೈಲಿಗೆ ನೆಟ್‌ವರ್ಕ್ ಸಿಗದಿದ್ದರೆ ಮಾತ್ರ ಫೋನನ್ನು ಎತ್ತಿ ಹಿಡಿದು, ಕಂಪನಿಯನ್ನು ಶಪಿಸಿ ಸುಮ್ಮನಾಗುತ್ತೇವೆ. ನೀರು ನಮ್ಮದೆಂದು ನಮಗೆ ಗೊತ್ತು. ಫೋನಿನ ಮಾತನ್ನು ಹೊತ್ತು ತರುವ ಅಲೆಯೂ ನಮ್ಮದೇ ಎಂಬುದನ್ನು ನಮಗೆ ಯಾರೂ ಹೇಳಿಲ್ಲ.

ಇದು ಉಳ್ಳವರ ಷೋಕಿಯ ಪ್ರಶ್ನೆಯಲ್ಲ. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದ ಮೇಲೆ ಅಲೆ ಸಿಕ್ಕಿದರೆ ಅಕ್ಕಿ, ಇಲ್ಲವಾದರೆ ನಾಳೆ ಬಾ. ನಾಳೆ ಬಂದವನಿಗೆ ಅಂದಿನ ಕೂಲಿ ಖೋತಾ. ಗಿರಾಕಿ ಫೋನಿನಲ್ಲಿ ಹಣ ಕೊಡುವಾಗ ಅಲೆ ನಿಂತರೆ ವ್ಯಾಪಾರವೂ ನಿಂತಿತು. ದುಡಿಯುವವನ ಅನ್ನ ಈಗ ಅಲೆಯ ಮೇಲೆ ತೇಲಿ ಬರುತ್ತಿದೆ.

೧೯೯೫ರ ಫೆಬ್ರವರಿಯಲ್ಲಿ, ಕ್ರಿಕೆಟ್ ಪಂದ್ಯಗಳ ಪ್ರಸಾರದ ಹಕ್ಕನ್ನು ಕುರಿತ ಮೊಕದ್ದಮೆಯಲ್ಲಿ, ಈ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು ಹೇಳಿತು. ಹಾಗೆಂದ ಮೇಲೆ ಸರ್ಕಾರ ಅದರ ಒಡೆಯನಲ್ಲ, ನಮ್ಮ ಪರವಾಗಿ ಕಾಯುವ ಪಾರುಪತ್ಯಗಾರ. ಆದರೆ ತೀರ್ಪು ಬಂದು ಎಂಟು ವರ್ಷ ಕಳೆದ ಮೇಲೂ, ೨೦೦೩ರಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ 'ನಮ್ಮ ಧ್ವನಿ' ಎಂಬ ತಮ್ಮದೇ ಬಾನುಲಿ ಕಟ್ಟಿಕೊಂಡಾಗ, ಅವರಿಗೆ ಅಲೆಯನ್ನು ಬಳಸುವ ಅವಕಾಶ ಇರಲಿಲ್ಲ. ಕೇಬಲ್ ತಂತಿಯ ಮೂಲಕ ಮನೆಮನೆಗೆ ಮಾತು ಮುಟ್ಟಿಸಿದರು. ಸ್ವತ್ತು ಜನರದು, ಬೀಗದ ಕೈ ಬೇರೆಯವರದು!

ಈ ಸ್ವತ್ತಿನ ಗುಣವನ್ನು ತಿಳಿಯೋಣ. ಒಂದೇ ಊರಿನಲ್ಲಿ ಇಬ್ಬರು ಒಂದೇ ಅಲೆಯ ಮೇಲೆ ಮಾತನಾಡಿದರೆ ಇಬ್ಬರದೂ ಕೇಳದು. ಆದಕಾರಣ ಸಂತೆಯಲ್ಲಿ ಅಂಗಡಿಗಳಿಗೆ ಗೆರೆ ಎಳೆದು ಜಾಗ ಕೊಡುವಂತೆ ಅಲೆಗಳನ್ನೂ ಪಟ್ಟಿಪಟ್ಟಿಯಾಗಿ ಹಂಚಬೇಕು. ಈ ಪಟ್ಟಿಗಳ ಒಟ್ಟು ಸಾಲಿಗೇ ಸ್ಪೆಕ್ಟ್ರಂ ಎನ್ನುವುದು. ೭೦೦ ಮೆಗಾಹರ್ಟ್ಸಿನಂಥ ಕೆಳಗಿನ ಪಟ್ಟಿ ಡೊಳ್ಳಿನ ದನಿಯಂತೆ ದೂರ ಹೋಗುತ್ತದೆ, ಗೋಡೆಯೊಳಕ್ಕೂ ತೂರುತ್ತದೆ. ೨೬ ಗಿಗಾಹರ್ಟ್ಸಿನಂಥ ಮೇಲಿನ ಪಟ್ಟಿ ಹೆಚ್ಚು ಹೊರೆ ಹೊರುತ್ತದೆ, ಆದರೆ ಬೀದಿಯ ತಿರುವಿನಲ್ಲೇ ಸೋಲುತ್ತದೆ. ಹಳ್ಳಿಗೆ ಬೇಕಾದುದು ಡೊಳ್ಳು.

ಇನ್ನೊಂದು ಗುಣವನ್ನು ವ್ಯಾಪಾರಿಗಳು ಬೇಗ ಹಿಡಿಯುತ್ತಾರೆ. ಅಲೆ ಬಳಸಿದರೆ ಸವೆಯುವುದಿಲ್ಲ. ಬಳಸದೆ ಬಿಟ್ಟರೆ ನಾಳೆಗೆ ಉಳಿಯುವುದೂ ಇಲ್ಲ. ಇಂದು ಖಾಲಿ ಬಿಟ್ಟ ಅಲೆ ಇಂದೇ ಹಾಳು. ಆದ್ದರಿಂದ ಅಲೆಯನ್ನು ಹಿಡಿದಿಟ್ಟು ಬಳಸದಿರುವುದು ಬರಗಾಲದಲ್ಲಿ ಧಾನ್ಯವನ್ನು ಕೊಳೆಸಿದಂತೆ.

ಹಂಚಿಕೆ ಹೇಗೆ ನಡೆದಿದೆ? ೨೦೦೮ರ ಜನವರಿಯಲ್ಲಿ ೧೨೨ ಪರವಾನಗಿಗಳನ್ನು, ಮೊದಲು ಬಂದವರಿಗೆ ಮೊದಲು ಎಂದು, ೨೦೦೧ರ ಬೆಲೆಗೆ ಕೊಟ್ಟರು. ೨೦೧೨ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅಷ್ಟನ್ನೂ ರದ್ದು ಮಾಡಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ೨೦೧೭ರಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿದರೂ ಪರವಾನಗಿಗಳು ಮರಳಲಿಲ್ಲ. ಅಂದಿನಿಂದ ಹರಾಜೇ ವೇದವಾಯಿತು. ೨೦೨೨ರ ೫ಜಿ ಹರಾಜು ೧,೫೦,೧೭೩ ಕೋಟಿ ರೂಪಾಯಿಗೆ ಏರಿತು.

ಗುಟ್ಟಿನ ಹಂಚಿಕೆಗಿಂತ ಬಹಿರಂಗ ಹರಾಜು ಮೇಲು. ಇದನ್ನು ನಾವು ಒಪ್ಪುತ್ತೇವೆ. ಆದರೆ ಹೆಚ್ಚು ಕೂಗಿದವನಿಗೆ ಕೆರೆಯನ್ನು ಗುತ್ತಿಗೆ ಕೊಟ್ಟ ಮಾತ್ರಕ್ಕೆ ಕಾಲುವೆಯ ಕೊನೆಯ ಗದ್ದೆಗೆ ನೀರು ಹರಿಯುವುದೆ? ಹರಾಜೊಂದೇ ದಾರಿಯಲ್ಲವೆಂದು ಅದೇ ಕೋರ್ಟು ಅದೇ ೨೦೧೨ರ ಸೆಪ್ಟೆಂಬರಿನಲ್ಲಿ ಅಭಿಪ್ರಾಯ ಕೊಟ್ಟಿದೆ.

ಹರಾಜಿನ ಫಲವನ್ನು ನೋಡಿ. ಒಂದು ಕಾಲಕ್ಕೆ ಹತ್ತಕ್ಕೂ ಮಿಕ್ಕಿದ್ದ ಖಾಸಗಿ ಕಂಪನಿಗಳಲ್ಲಿ ಇಂದು ದೇಶವ್ಯಾಪಿಯಾಗಿ ಉಳಿದಿರುವುದು ಮೂರು. ೨೦೨೪ರ ಜುಲೈ ೩ ಮತ್ತು ೪ರಂದು, ಎರಡೇ ದಿನಗಳಲ್ಲಿ, ಮೂರೂ ದರ ಏರಿಸಿದವು. ಹರಾಜಿನ ಹಣ ಖಜಾನೆಗೆ ಪೂರ್ತಿ ಸಂದಿತೆ? ಅದೂ ಇಲ್ಲ. ವೊಡಾಫೋನ್ ಐಡಿಯಾ ಕಂಪನಿಯ ೩೬,೯೫೦ ಕೋಟಿ ರೂಪಾಯಿ ಬಾಕಿಗೆ ಬದಲಾಗಿ ೨೦೨೫ರಲ್ಲಿ ಸರ್ಕಾರ ಷೇರು ಪಡೆದು, ಆ ಕಂಪನಿಯ ಸುಮಾರು ಶೇಕಡಾ ೪೯ರ ಪಾಲುದಾರನಾಯಿತು. ಚಿಲ್ಲರೆ ಅಂಗಡಿಯವನು ಸಾಲ ತೀರಿಸದಿದ್ದರೆ ಬ್ಯಾಂಕು ಹೀಗೆ ಪಾಲುಗಾರಿಕೆಗೆ ಬರುವುದುಂಟೆ?

ನಮ್ಮದೇ ಆದ ಬಿಎಸ್‌ಎನ್‌ಎಲ್ ಸಂಸ್ಥೆಯ ಗತಿಯೇನು? ೪ಜಿ ಅಲೆಯನ್ನು ಅದಕ್ಕೆ ಕೊಡಲು ಮಂತ್ರಿಮಂಡಲ ಒಪ್ಪಿದ್ದು ೨೦೧೯ರಲ್ಲಿ. ಅದರ ಸ್ವದೇಶಿ ೪ಜಿ ಜಾಲ ದೇಶವ್ಯಾಪಿಯಾಗಿ ಉದ್ಘಾಟನೆಯಾದದ್ದು ೨೦೨೫ರ ಸೆಪ್ಟೆಂಬರಿನಲ್ಲಿ. ಜಿಯೋ ಬಂದದ್ದು ೨೦೧೬ರಲ್ಲಿ. ೨೦೨೪ರಲ್ಲಿ ದರ ಏರಿದಾಗ ಲಕ್ಷಾಂತರ ಜನ ಸರ್ಕಾರಿ ಸಂಸ್ಥೆಯ ಬಾಗಿಲಿಗೆ ಬಂದರು. ಅವರನ್ನು ಉಳಿಸಿಕೊಳ್ಳಲು ಬೇಕಾದ ಜಾಲ ಆಗ ಅದರ ಕೈಯಲ್ಲಿರಲಿಲ್ಲ. ಓಟದಲ್ಲಿ ಒಬ್ಬನ ಕಾಲು ಕಟ್ಟಿ, ಆಮೇಲೆ ಅವನನ್ನು ಸೋಮಾರಿ ಎನ್ನುವುದು ಯಾವ ನ್ಯಾಯ?

ಮುಂದಿನ ಹಂಚಿಕೆ ಆಕಾಶದ್ದು. ಉಪಗ್ರಹದಿಂದ ನೇರವಾಗಿ ಮನೆಗೆ ಇಂಟರ್‌ನೆಟ್ ತರುವ ಕಂಪನಿಗಳು ಬಾಗಿಲಲ್ಲಿವೆ. ೨೦೨೩ರ ದೂರಸಂಪರ್ಕ ಕಾನೂನಿನಂತೆ ಈ ಅಲೆಗೆ ಹರಾಜಿಲ್ಲ, ಸರ್ಕಾರವೇ ಹಂಚುತ್ತದೆ. ಆದಾಯದಲ್ಲಿ ಶೇಕಡಾ ೪ ಪಡೆದು ಐದು ವರ್ಷಕ್ಕೆ ಕೊಡಬಹುದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ೨೦೨೫ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಗೋಪುರ ನಿಲ್ಲಿಸಲಾಗದ ಮಲೆನಾಡಿನ ಕಣಿವೆಗಳಿಗೆ ಇದು ವರವಾಗಬಹುದು. ಬೆಲೆಯ ಶರತ್ತಿಲ್ಲದೆ ಕೊಟ್ಟರೆ ಎಸ್ಟೇಟಿನ ಬಂಗಲೆಗೆ ಮಾತ್ರ ವರ, ಕೂಲಿ ಲೈನಿಗೆ ಅಲ್ಲ.

ಯಾರಿಗೂ ಮಾರದೆ ಬಿಟ್ಟ ಅಲೆಯೂ ಉಂಟು. ೨೦೦೫ರಲ್ಲಿ ೨.೪ ಗಿಗಾಹರ್ಟ್ಸಿನ ಪಟ್ಟಿಗೆ ಪರವಾನಗಿ ಬೇಡವೆಂದರು. ಇಂದಿನ ವೈಫೈ ಓಡುವುದು ಇಂಥ ಗೋಮಾಳದಲ್ಲಿಯೇ. ಚಹದಂಗಡಿ, ಕಿರಾಣಿ ಅಂಗಡಿಗಳು ಪರವಾನಗಿಯಿಲ್ಲದೆ, ಶುಲ್ಕವಿಲ್ಲದೆ ವೈಫೈ ಮಾರಬಹುದೆಂದು ೨೦೨೦ರ ಡಿಸೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲ ಒಪ್ಪಿತು. ಹಿಂದೆ ಎಸ್‌ಟಿಡಿ ಬೂತುಗಳು ಎಷ್ಟು ಸಂಸಾರಗಳಿಗೆ ಅನ್ನ ಕೊಟ್ಟವೆಂಬುದು ನಮ್ಮ ಬಜಾರಿಗೆ ನೆನಪಿದೆ. ಇಂಥ ಅಂಗಡಿಯವನಿಂದ, ಮನೆಯ ಸಂಪರ್ಕದ ದರದ ಎರಡರಷ್ಟಕ್ಕಿಂತ ಹೆಚ್ಚು ವಸೂಲು ಮಾಡಕೂಡದೆಂದು ಪ್ರಾಧಿಕಾರ ೨೦೨೫ರ ಜೂನಿನಲ್ಲಿ ಮಿತಿ ಹಾಕಿದೆ. ಅಲ್ಲಿಯವರೆಗೆ ಆ ಲಗಾಮೂ ಇರಲಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಬಳಸದ ಅಲೆಯನ್ನು ಹಿಂದಕ್ಕೆ ಪಡೆಯಬೇಕು. ಆ ಅಧಿಕಾರ ೨೦೨೩ರ ಕಾನೂನಿನಲ್ಲಿಯೇ ಇದೆ, ಬೇಕಾದುದು ಮನಸ್ಸು. ಎರಡು, ದೂರ ಹೋಗುವ ಕೆಳಪಟ್ಟಿಯನ್ನು ಪಡೆದವನು ಹಳ್ಳಿಯನ್ನು ಮುಟ್ಟಲೇಬೇಕೆಂಬ ಗಡುವಿರಬೇಕು. ಮೂರು, ಸಾರ್ವಜನಿಕ ಸಂಸ್ಥೆಗೆ ಅಲೆಯೂ ಬಂಡವಾಳವೂ ಮೊದಲ ಸರದಿಯಲ್ಲಿ ಸಲ್ಲಬೇಕು. ನಾಲ್ಕು, ಪರವಾನಗಿಯಿಲ್ಲದ ಗೋಮಾಳ ಕುಗ್ಗಬಾರದು, ಹಿಗ್ಗಬೇಕು.

ಇವುಗಳನ್ನು ಯಾರೂ ಕರೆದು ಕೊಡುವುದಿಲ್ಲ. ಗಿರಣಿಯ ಯಾವ ಖಾತೆಯಲ್ಲಿ, ಯಾವ ಓಣಿಯಲ್ಲಿ, ಯಾವ ಪಡಿತರ ಅಂಗಡಿಯಲ್ಲಿ, ಎಷ್ಟು ಹೊತ್ತು ಅಲೆ ಸಿಗುವುದಿಲ್ಲವೆಂಬುದನ್ನು ಒಂದು ತಿಂಗಳು ಬರೆದಿಡಿ. ಕೆಲಸಗಾರರ ಸಂಘವೂ ವ್ಯಾಪಾರಿಗಳ ಸಂಘವೂ ಕೂಡಿ ಆ ಪಟ್ಟಿ ಮಾಡಲಿ. ಅದನ್ನು ಹಿಡಿದು ಜಿಲ್ಲಾಧಿಕಾರಿಗಳ ಕಚೇರಿಗೂ ನಮ್ಮ ಲೋಕಸಭಾ ಸದಸ್ಯರ ಮನೆಗೂ ಒಟ್ಟಾಗಿ ಹೋಗೋಣ. ದಾನ ಕೇಳಲು ಅಲ್ಲ, ಸ್ವತ್ತಿನ ಲೆಕ್ಕ ಕೇಳಲು.