ಬೆತ್ತಲೆ ನೆಲಕ್ಕೆ ಹುಲ್ಲೇ ಹೊದಿಕೆ
(ಉತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



ವಿಘ್ನೇಶ್ವರನಿಗೆ ಗರಿಕೆ ಪ್ರಿಯ. ಹೋಮಕ್ಕೂ ಶ್ರಾದ್ಧಕ್ಕೂ ದರ್ಭೆ ಬೇಕು. ಬೇಸಿಗೆಯಲ್ಲಿ ನೀರಿನ ಮಡಕೆಗೆ ಲಾವಂಚದ ಬೇರು ಹಾಕುವ ರೂಢಿಯೂ ಇದೆ. ಹೀಗೆ ದೇವರ ಪಾದ ಸೇರುವ ಹುಲ್ಲು ನೆಲವನ್ನೂ ಕಾಪಾಡುತ್ತದೆ ಎಂಬುದನ್ನು ಈ ಶುಭದಿನ ನೆನೆಯುವುದು ಉಚಿತ.

ದಾರಿಗಾಗಿ ಗುಡ್ಡ ಕಡಿದಲ್ಲಿ, ಕಲ್ಲು ತೆಗೆದಲ್ಲಿ ಮಣ್ಣು ಬೆತ್ತಲೆಯಾಗುತ್ತದೆ. ಜೋರು ಮಳೆ ಬಂದರೆ ಮೇಲ್ಮಣ್ಣು ಕೊಚ್ಚಿಹೋಗಿ ಕೆರೆ ಸೇರುತ್ತದೆ. ಹೊಲ ಬರಡಾಗುತ್ತದೆ, ಕೆರೆ ಹೂಳುತ್ತದೆ. ನಷ್ಟ ಎರಡು ಕಡೆ.

ತಾಳವಾಡಿಗೆ ನೆರೆಯ ಗುಂಡ್ಲುಪೇಟೆ ಸೀಮೆಯ ರೈತರು ತಲೆಮಾರುಗಳಿಂದ ಹೊಲದ ಬದುಗಳಲ್ಲಿ ಲಾವಂಚ ಬೆಳೆಸಿದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಇದೇ ಹುಲ್ಲನ್ನು ಮಣ್ಣಿನ ರಕ್ಷಣೆಗಾಗಿ ಪ್ರಚಾರ ಮಾಡಿದರು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಇದರ ಮೇಲೆ ಒಂದು ಗ್ರಂಥವನ್ನೇ ಹೊರತಂದಿತು. ಹಳ್ಳಿಯವರ ಅರಿವು ಲೋಕಮಾನ್ಯವಾಯಿತು.

ಲಾವಂಚವನ್ನು ಬಿತ್ತುವುದಲ್ಲ, ಬುಡ ಸೀಳಿ ನೆಡುವುದು. ಮುಂಗಾರಿನ ಆರಂಭದಲ್ಲಿ, ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದ ಸಾಲಿನಲ್ಲಿ ಗೇಣಿಗಿಂತ ಕಡಿಮೆ ಅಂತರದಲ್ಲಿ ನೆಡಬೇಕು. ಬೇರು ಮೂರು ಮೀಟರಿನಷ್ಟು ನೇರ ಕೆಳಗಿಳಿಯುತ್ತದೆ. ಸಾಲು ಕೂಡಿಕೊಂಡ ಮೇಲೆ ನೀರು ನಿಧಾನವಾಗಿ ಸೋಸಿ ಹೋಗುತ್ತದೆ, ಮಣ್ಣು ಹಿಂದೆಯೇ ನಿಲ್ಲುತ್ತದೆ.

ಸಾಲುಗಳ ನಡುವೆ ಅಂಜನ್ ಹುಲ್ಲಿನ ಬೀಜ ಬಿತ್ತಬಹುದು. ಆಗತಾನೆ ಕೊಯ್ದ ಬೀಜ ಸರಿಯಾಗಿ ಮೊಳೆಯದು. ಕೆಲವು ತಿಂಗಳು ಇಟ್ಟ ಬೀಜ ಮೇಲು. ಅದು ಹತ್ತಿಯಂತೆ ಹಗುರ, ಗಾಳಿಗೆ ಹಾರುತ್ತದೆ. ಆದ್ದರಿಂದ ಹಸಿ ಮಣ್ಣು, ಸಗಣಿಯೊಡನೆ ಕಲಸಿ ಬಿತ್ತಿ, ತೆಳುವಾಗಿ ಮಣ್ಣು ಮುಚ್ಚಿದರೆ ಸಾಕು. ಆಳಕ್ಕೆ ಬಿದ್ದರೆ ಮೇಲೇಳದು. ತಗ್ಗು ಇಳಿಜಾರಿನಲ್ಲಿ ಗರಿಕೆಯ ಬಳ್ಳಿಯ ತುಂಡು ಊರಿದರೂ ಹಬ್ಬುತ್ತದೆ.

ಒಂದು ಮಾತು ಮರೆಯಬಾರದು. ಗುಡ್ಡವೇ ಆಳದಿಂದ ಕುಸಿಯುವ ಕಡೆ ಹುಲ್ಲೊಂದೇ ತಡೆಯಲಾರದು. ಅಲ್ಲಿ ನೀರು ಹರಿದುಹೋಗಲು ಕಾಲುವೆ ಬೇಕು, ತಡೆಗೋಡೆ ಬೇಕು, ತಿಳಿದವರ ಸಲಹೆ ಬೇಕು.

ಬಿತ್ತುವುದು ಒಂದು ದಿನದ ಕೆಲಸ. ಕಾಯುವುದೇ ನಿಜವಾದ ವ್ರತ. ಮೊದಲ ವರ್ಷ ದನಕುರಿ ಬಿಟ್ಟರೆ ಎಳೆ ಸಸಿ ಬೇರುಸಹಿತ ಕಿತ್ತುಬರುತ್ತದೆ. ಆದರೆ ಬೇಲಿ ಹಾಕಿ ಬಡವರ ಹಸುವನ್ನು ಉಪವಾಸ ಕೆಡವುವುದೂ ಧರ್ಮವಲ್ಲ. ಬೀಜ ಉದುರಿದ ಮೇಲೆ ಕುಡುಗೋಲಿನಿಂದ ಕೊಯ್ದು ಹೊರೆ ಒಯ್ಯಲು ಸರದಿ ಗೊತ್ತುಮಾಡಿದರೆ ಹಸುವಿಗೆ ಮೇವೂ ಉಂಟು, ನೆಲಕ್ಕೆ ಹೊದಿಕೆಯೂ ಉಂಟು.

ದೇವರಿಗೆ ಹೊಸ ವಸ್ತ್ರ ಉಡಿಸುವ ಭಕ್ತರು ಭೂತಾಯಿಗೂ ಹಸಿರು ಸೀರೆ ಉಡಿಸಲಿ. ಅದಕ್ಕೆ ಬೇಕಾದ ತಾಳ್ಮೆಯನ್ನು ಭಗವಂತನು ಎಲ್ಲರಿಗೂ ಕರುಣಿಸಲಿ.