ಹೊಗೆಕೊಳವೆಯ ಮೊರೆತ

ಸ್ಪೋರ್ಟ್ಸ್ ಕಾರಿಗೆ ಗಂಭೀರ ಧ್ವನಿ ಬರಲೆಂದು ಅಗಲವಾದ ಹೊಗೆಕೊಳವೆ ಹಾಕಿಸಿದಿರಿ. ಧ್ವನಿಯೇನೋ ಬಂದಿತು. (ನೆರೆಯವರ ಅಭಿಪ್ರಾಯ ಕೇಳದಿರುವುದೇ ಲೇಸು.) ಆದರೆ ನಿಧಾನವಾಗಿ ಸಾಗುವಾಗ ಒಳಗೆ ಎಂಥದೋ ಮೊರೆತ, ಅರ್ಧ ತಾಸಿನಲ್ಲಿ ತಲೆ ಭಾರ, ಪಕ್ಕದವರ ಮಾತು ಕೇಳದು. ಇದು ಬರಿಯ ಗದ್ದಲವಲ್ಲ, ಅನುರಣನ.

ನಾಲ್ಕು ಸಿಲಿಂಡರಿನ ಎಂಜಿನ್ನು ಸುತ್ತಿಗೆ ಎರಡು ಬಾರಿ ಸಿಡಿಯುತ್ತದೆ. ನಿಮಿಷಕ್ಕೆ 2,400 ಸುತ್ತಾದರೆ ಸೆಕೆಂಡಿಗೆ 80 ಸಿಡಿತ. ಕಾರಿನೊಳಗಿನ ಗಾಳಿಯೂ ತಗಡೂ ಆ ಸ್ವರಕ್ಕೆ ಶ್ರುತಿಗೂಡಿದರೆ ತಂಬೂರಿಯ ಬುರುಡೆಯಂತೆ ಅದನ್ನು ಹಿಗ್ಗಿಸುತ್ತವೆ. ಗಾಜಿನ ನೂಲು ತುಂಬಿದ ಸೈಲೆನ್ಸರು ಕೀರಲು ಸ್ವರವನ್ನು ತಗ್ಗಿಸೀತು. ಮಂದ್ರವನ್ನು ಅಷ್ಟಾಗಿ ಮುಟ್ಟದು.

ಸದ್ದನ್ನು ಸದ್ದಿನಿಂದಲೇ ಅಡಗಿಸಬೇಕು. ಹೊಗೆಕೊಳವೆಗೆ ತುದಿ ಮುಚ್ಚಿದ ಕವಲೊಂದನ್ನು ಬೆಸೆಯಿಸಿ. ಅದರ ಉದ್ದ ಆ ಸದ್ದಿನ ಅಲೆಯ ಕಾಲುಭಾಗವಿರಲಿ. ಒಳಹೊಕ್ಕ ಅಲೆ ತುದಿಗೆ ಬಡಿದು ಮರಳುವಷ್ಟರಲ್ಲಿ ಅರ್ಧ ಅಲೆಯಷ್ಟು ಹಿಂದೆ ಬಿದ್ದಿರುತ್ತದೆ. ಇದರ ತಗ್ಗು ಅದರ ಉಬ್ಬಿಗೆ ಎದುರಾಗಿ ಎರಡೂ ಅಡಗುತ್ತವೆ. 300 ಡಿಗ್ರಿ ಸೆಂಟಿಗ್ರೇಡ್ ಬಿಸಿಯ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 480 ಮೀಟರು. ಆದ್ದರಿಂದ 80ರ ಸ್ವರಕ್ಕೆ ಕವಲು ಒಂದೂವರೆ ಮೀಟರು.

ಮೊರೆತ ಎಷ್ಟು ಸುತ್ತಿನಲ್ಲಿ ಏಳುತ್ತದೆಂಬುದನ್ನು ಮೊದಲು ಮೀಟರಿನಲ್ಲಿ ನೋಡಿಕೊಳ್ಳಿ. ಜಾಗ ಸಾಲದಿದ್ದರೆ ಕವಲನ್ನು ಬಾಗಿಸಬಹುದು. ತುಸು ಉದ್ದವಾಗಿಯೇ ಇಡಿಸಿ, ಓಡಿಸಿ ಕೇಳಿ, ಬಳಿಕ ಕುಗ್ಗಿಸಿ.